ಕಡ್ಡಿ ಹಿಡಿಯದ ಹಲ್ಲು

ನನ್ನ ಮುಂದಿನ ಹಲ್ಲು ಬಿದ್ದದ್ದು ತಮಿಳಿನಲ್ಲಿ ಮಾತಾಡುತ್ತಿದ್ದಾಗ. ಮನೆಯಲ್ಲಿ ಊಟಕ್ಕೆ ಕೂತಾಗಲೋ, ನಮ್ಮೂರು ತಿಗನಾರೆಯ ಹೊಲದಲ್ಲಿ ಕಳೆ ಕೀಳುವಾಗಲೋ ಬಿದ್ದಿದ್ದರೆ ಇಷ್ಟು ದಿನ ಅದನ್ನು ಮನಸ್ಸಿನಲ್ಲಿ ಹೊತ್ತುಕೊಂಡು ತಿರುಗುತ್ತಿರಲಿಲ್ಲ.

ನಾನು ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯೊಂದರ ಟೀಚರು. ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿ ಬೆಟ್ಟದ ಮೇಲೆ ಮನೆಮಾತು ಕನ್ನಡ, ಕಚೇರಿಯ ಮಾತು ತಮಿಳು. ಸಂತೆಯಲ್ಲಿ, ಬಸ್ಸಿನಲ್ಲಿ ಆಡುವ ತಮಿಳು ನನಗೆ ನೀರು ಕುಡಿದಷ್ಟು ಸಲೀಸು. ಅಧಿಕಾರಿಗಳ ಮುಂದೆ ನಿಂತು ಆಡಬೇಕಾದ ತಮಿಳು ಮಾತ್ರ ಬೇರೆ. ಅದನ್ನು ಆಡಬೇಕಾಗಿ ಬಂದಾಗಲೆಲ್ಲ ಬೇರೆಯವರ ಸೀರೆ ಉಟ್ಟುಕೊಂಡು ಮದುವೆಗೆ ಹೋದ ಹಾಗೆ ಇರುತ್ತದೆ. ಎಲ್ಲಿ ಜಾರುತ್ತದೋ ಎಂಬ ಗಮನದಲ್ಲೇ ಹೊತ್ತು ಹೋಗುತ್ತದೆ.

ಹಲ್ಲು ಮುರಿದದ್ದು ಅದಕ್ಕೂ ಮುಂಚೆ, ಸತ್ಯಮಂಗಲದಿಂದ ಬರುವ ಬಸ್ಸಿನಲ್ಲಿ. ಘಾಟಿಯ ತಿರುವುಗಳನ್ನೆಲ್ಲ ಹತ್ತಿ ಕಾಡಿನ ರಸ್ತೆಗೆ ಬಂದಿದ್ದೆವು. ಮರಿಯ ಜೊತೆ ಆನೆಯೊಂದು ರಸ್ತೆಗೆ ಇಳಿಯಿತಂತೆ, ಡ್ರೈವರು ಬ್ರೇಕ್ ಒತ್ತಿದರು. ತೂಕಡಿಸುತ್ತಿದ್ದ ನನ್ನ ಬಾಯಿಗೆ ಮುಂದಿನ ಸೀಟಿನ ಕಬ್ಬಿಣದ ಸರಳು ಬಡಿಯಿತು. ನಾಲಿಗೆ ಆಡಿಸಿ ನೋಡಿದರೆ ಮೇಲಿನ ಸಾಲಿನ ಮುಂದಿನ ಹಲ್ಲೊಂದು ಒಸಡಿನ ಹತ್ತಿರಕ್ಕೆ ಮುರಿದು ಮೊಂಡಾಗಿತ್ತು. ಬಸ್ಸಿನವರೆಲ್ಲ ಕಿಟಕಿಗೆ ಮುಗಿಬಿದ್ದು ಆನೆ ನೋಡುತ್ತಿದ್ದರು. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತೆ. ನಾನು ಆನೆಗೆ ಹೆದರಿದ್ದೇನೆಂದು ತಿಳಿದು ಪಕ್ಕದ ಹೆಂಗಸು, "ಬಯಪಡಾದೀಂಗ, ಪೋಯಿಡುಂ," ಹೆದರಬೇಡಿ ಹೋಗಿಬಿಡುತ್ತದೆ ಎಂದು ಬೆನ್ನು ಸವರಿದಳು.

ತಾಳವಾಡಿಯಲ್ಲಿ ಹಲ್ಲಿನ ಕ್ಲಿನಿಕ್ ಇಟ್ಟಿದ್ದ ಡಾಕ್ಟರಮ್ಮ ಕೆಳಗಿನ ಸೀಮೆಯ ತಮಿಳಿನವಳು, ಸಣ್ಣ ವಯಸ್ಸು. ಕನ್ನಡ ಕಲಿತದ್ದು ಇಲ್ಲಿಗೆ ಬಂದ ಮೇಲೆ, ಬಾಯಿ ತೆರೆದು ಕೂತ ನಮ್ಮ ರೈತರಿಂದ. ಹಾಗಾಗಿ ಅವಳದು ನಮ್ಮೂರಿನದೇ ಕನ್ನಡ, ಹಲ್ಲಿಗೆ ಅಲ್ಲು ಅನ್ನುತ್ತಿದ್ದಳು. ತಪ್ಪಾಡಿದರೂ ನಾಚಿಕೆಪಡುತ್ತಿರಲಿಲ್ಲ. ಅದನ್ನು ಕಂಡು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

"ಟೀಚರ್, ಅಲ್ಲು ಮುರ್ದೋಗದೆ, ಬೇರು ಗಟ್ಟಿ ಅದೆ," ಎಂದಳು. "ರೂಟ್ ಕೆನಾಲ್ ಮಾಡಿ ಒಳಗೆ ಒಂದು ಕಡ್ಡಿ ನಿಲ್ಲಿಸಿ, ಅದರ ಮೇಲೆ ಅಲ್ಲು ಕಟ್ಟಬೋದು."

ಕಡ್ಡಿ ಎಂದರೆ ಫೈಬರ್ ಪೋಸ್ಟ್. ಗಾಜಿನ ಎಳೆಗಳಿಂದ ಮಾಡಿದ್ದು, ಬೆಳ್ಳಗೆ, ಗೋಣಿ ಹೊಲಿಯುವ ದಬ್ಬಳದ ತುದಿಯಷ್ಟು ದಪ್ಪ. ಬೇರಿನೊಳಗೆ ಅರ್ಧ, ಹೊರಗೆ ಅರ್ಧ ಇರುತ್ತದೆ. ಹೊರಗಿನ ಅರ್ಧದ ಸುತ್ತ ಹಲ್ಲಿನ ಬಣ್ಣದ ಪದಾರ್ಥ ಮೆತ್ತಿ ಹಲ್ಲಿನ ಆಕಾರ ಕೊಡುತ್ತಾರೆ. ಆಮೇಲೆ ನಿಧಾನವಾಗಿ ಕ್ಯಾಪ್ ಹಾಕುತ್ತಾರೆ.

ಬೇರನ್ನು ಶುಚಿ ಮಾಡುವ ಕೆಲಸ ಕೆಲವು ಸಲ ನಡೆಯಿತು. ಬೇರು ತುಂಬುವ ದಿನ ಬಂದಾಗ ಡಾಕ್ಟರಮ್ಮ, "ಇವತ್ತು ತುಂಬಿ ಮುಚ್ತೀನಿ. ಕಡ್ಡಿ ಮುಂದಿನ ವಾರ," ಎಂದಳು. ಮುಂದಿನ ವಾರ ನಮ್ಮ ಟೀಚರುಗಳಿಗೆಲ್ಲ ತರಬೇತಿ ಇತ್ತು. ನಮ್ಮ ಮಕ್ಕಳು ಓದು ಹೇಗೆ ಕಲಿಯುತ್ತಾರೆ ಎಂದು ಕನ್ನಡ ಶಾಲೆಗಳ ಪರವಾಗಿ ನಾನು ತಮಿಳಿನಲ್ಲಿ ಹೇಳಬೇಕೆಂದು ಹೆಡ್‌ಮಾಸ್ಟರು ಒಪ್ಪಿಸಿಬಿಟ್ಟಿದ್ದರು. ಮುಂದಿನ ಹಲ್ಲಿಲ್ಲದೆ ಆ ಸಭೆಯಲ್ಲಿ ನಿಲ್ಲುವುದನ್ನು ನೆನೆದರೆ ಊಟ ಸೇರುತ್ತಿರಲಿಲ್ಲ. ಇವತ್ತೇ ಮಾಡಿಕೊಡಿ ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, "ಸರಿ, ಆಗುತ್ತೆ," ಎಂದಳು. ಬಾಯಿ ತುಂಬ ಲವಂಗದ ಘಾಟು. ಸಂಜೆ ಕನ್ನಡಿಯಲ್ಲಿ ಹಲ್ಲು ನೋಡಿಕೊಂಡೆ. ಪಕ್ಕದ ಹಲ್ಲಿಗಿಂತ ತುಸು ಬಿಳಿ, ಅಷ್ಟೆ.

ತರಬೇತಿ ತಾಳವಾಡಿಯಲ್ಲೇ ಇತ್ತು. ಈರೋಡಿನಿಂದ ಬಂದ ಅಧಿಕಾರಿಯೊಬ್ಬರು ಮುಂದೆ ಕೂತಿದ್ದರು. ತಮಿಳು ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಅವರೆಕಾಯಿ ಬಿಡಿಸುತ್ತ ಕೂತ ಅತ್ತೆಯ ಮುಂದೆ ಓದಿ ಓದಿ ರೂಢಿಸಿಕೊಂಡಿದ್ದೆ. ಶುರು ಚೆನ್ನಾಗಿಯೇ ಆಯಿತು. ಅಧಿಕಾರಿ ತಲೆಯಾಡಿಸಿದರು. 'ವಾಸಿಪ್ಪು' ಎಂಬ ಪದಕ್ಕೆ ಬಂದೆ. ತಮಿಳಿನಲ್ಲಿ ಓದು ಎಂದರ್ಥ. 'ವಾ' ಅನ್ನಲು ಕೆಳದುಟಿ ಮೇಲಿನ ಹಲ್ಲಿಗೆ ತಾಗಿತು. ಹಲ್ಲು ಅಲುಗಿತು. ಅದನ್ನು ತಡೆಯಲು ನಾಲಿಗೆ ತಂದೆ, ಅಷ್ಟರಲ್ಲಿ ಕಡ್ಡಿ ಸಮೇತ ಕಳಚಿ ಕೈಯಲ್ಲಿದ್ದ ಕಾಗದದ ಮೇಲೆ ಬಿತ್ತು.

ಸದ್ದೇನೂ ಆಗಲಿಲ್ಲ. ಯಾರಿಗೂ ಕಾಣಲಿಲ್ಲ. ಕಾಗದವನ್ನು ಹಲ್ಲಿನ ಸಮೇತ ಮುದುರಿ ಮುಷ್ಟಿಯಲ್ಲಿ ಹಿಡಿದುಕೊಂಡೆ. ತುಟಿ ಬಿಗಿದುಕೊಂಡು ನಿಂತೆ.

ಅಧಿಕಾರಿ ಒಳ್ಳೆಯವರು. "ಪರವಾಯಿಲ್ಲೆ ಟೀಚರ್, ಮೆದುವಾ ಪೇಸುಂಗ," ಎಂದರು. ಪರವಾಗಿಲ್ಲ, ನಿಧಾನವಾಗಿ ಮಾತಾಡಿ ಎಂದು. ನಾನು ತಲೆ ಅಲ್ಲಾಡಿಸಿದೆ. ಅವರು ಇನ್ನೊಂದು ಸಲ ಹೇಳಿದರು. ನನ್ನ ಕಣ್ಣಲ್ಲಿ ನೀರು ಬರತೊಡಗಿತ್ತು. ಬಂದು ನನ್ನ ಜಾಗದಲ್ಲಿ ಕೂತುಬಿಟ್ಟೆ.

ಹಿಂದಿನ ಸಾಲಿನಲ್ಲಿ ತಮಿಳು ಮಾಧ್ಯಮದ ಶಾಲೆಯ ಟೀಚರೊಬ್ಬಳು ಇದ್ದಳು. ನನ್ನ ವಯಸ್ಸಿನವಳೇ, ಬಸ್ಸಿನಲ್ಲಿ ಎಷ್ಟೋ ಸಲ ಜೊತೆಗೆ ಬಂದವಳು. ಪಕ್ಕದವಳಿಗೆ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. "ಪಾವಂ, ತಮಿಳ್ ವರಲೆ." ಪಾಪ, ತಮಿಳು ಬರಲಿಲ್ಲ.

ಅದನ್ನು ಅವಳು ಚುಚ್ಚಲು ಹೇಳಲಿಲ್ಲ. ಮರುಕದಿಂದಲೇ ಹೇಳಿದಳು. ನನಗೆ ಅದೇ ಸಹಿಸಲಾಗಲಿಲ್ಲ. ತಿರುಗಿ, ತಮಿಳು ಬರುತ್ತದಮ್ಮ, ಹಲ್ಲು ಬಿದ್ದುಹೋಯಿತು ಅನ್ನಬೇಕಿತ್ತು. ಹಾಗನ್ನಲು ಬಾಯಿ ತೆರೆಯಬೇಕು, ಬಾಯಿ ತೆರೆದರೆ ಕಿಂಡಿ ಕಾಣುತ್ತದೆ. ತಮಿಳು ಬಾರದ ಟೀಚರು ಅನ್ನಿಸಿಕೊಳ್ಳುವುದಾ, ಮಾತಾಡುವಾಗ ಹಲ್ಲು ಉದುರಿಸಿಕೊಂಡ ಟೀಚರು ಅನ್ನಿಸಿಕೊಳ್ಳುವುದಾ ಎಂದು ಕೂತಲ್ಲೇ ತೂಗುತ್ತಿದ್ದೆ. ಎರಡರಲ್ಲಿ ಯಾವುದನ್ನೂ ಆರಿಸಿಕೊಳ್ಳಲಾಗದೆ, ಊಟದ ಹೊತ್ತಿಗೆ ತಲೆನೋವೆಂದು ಸನ್ನೆ ಮಾಡಿ ಹೊರಟುಬಂದೆ.

ಮನೆಯಲ್ಲಿ ಯಜಮಾನರು ಮೊದಲು ಕೇಳಿದ್ದು, "ಏನ್ ಕಡ್ದಿದ್ದೆ ಮ್ಮೀ? ಜೋಳಗೀಳ ತಿಂದ್ಯಾ?"

ನಾನು ಏನೂ ಕಡಿದಿರಲಿಲ್ಲ. ಆ ವಾರವೆಲ್ಲ ಮುದ್ದೆ ನುಂಗಿಕೊಂಡು, ಅನ್ನ ಮೆತ್ತಗೆ ಕಲಸಿಕೊಂಡು ತಿಂದಿದ್ದೆ. ಆದರೂ ಅವರು ಕೇಳಿದ ಮೇಲೆ ನನಗೇ ಅನುಮಾನ ಬಂತು. ಹಲ್ಲುಜ್ಜುವಾಗ ಜೋರಾಗಿ ಉಜ್ಜಿದೆನಾ? ನಿದ್ದೆಯಲ್ಲಿ ಹಲ್ಲು ಕಡಿದೆನಾ? ಎದುರುಮನೆಯವಳು ಕೇಳಿದಳು, ಹಾಲು ಹಾಕುವವರು ಕೇಳಿದರು, ಎಲ್ಲರದೂ ಅದೇ ಪ್ರಶ್ನೆ. ಸಂಜೆಯ ಹೊತ್ತಿಗೆ ನಾನು ಏನೋ ಕದ್ದು ತಿಂದು ಸಿಕ್ಕಿಬಿದ್ದವಳ ಹಾಗೆ ಮೂಲೆ ಸೇರಿದ್ದೆ.

ಅತ್ತೆಯ ಬಾಯಲ್ಲಿ ಒಂದು ಹಲ್ಲೂ ಇಲ್ಲ. ಅದರ ಬಗ್ಗೆ ಅವರಿಗೆ ಚಿಂತೆಯೂ ಇಲ್ಲ, ಬಾಯ್ತುಂಬ ನಗುತ್ತಾರೆ. ನನ್ನ ಹಲ್ಲಿನ ವಿಷಯಕ್ಕೆ ಮಾತ್ರ ಅವರಿಗೆ ರೇಗಿಹೋಯಿತು. "ದುಡ್ಡೀಸ್ಕಂಡು ವಾರಕ್ಕೆ ಬೀಳೋ ಅಲ್ಲು ಕಟ್ಟಿಕೊಟ್ಟವ್ಳಾ? ನಾಳೆ ನಾನೂ ಬತ್ತೀನಿ ನಡಿ," ಎಂದರು. ಬೇಡ ಅತ್ತೆ ಎಂದೆ. ನನ್ನ ಮಾತು ಗಾಳಿಯಾಗಿ ಹೊರಬಂತು. ಅದನ್ನು ಕೇಳಿ ಅವರ ಸಿಟ್ಟು ಇನ್ನೂ ಏರಿತು.

ಮಾರನೆಯ ದಿನ ಶನಿವಾರ. ಕ್ಲಿನಿಕ್ಕಿನ ಹೊರಗಿನ ಬೆಂಚಿನ ಮೇಲೆ ಜನ ತುಂಬಿದ್ದರು. ನನ್ನ ತರಗತಿಯ ಹುಡುಗಿಯೊಬ್ಬಳ ತಂದೆ ಕೆನ್ನೆ ಊದಿಸಿಕೊಂಡು ಕೂತಿದ್ದರು, ನನ್ನನ್ನು ಕಂಡು ಎದ್ದು ಜಾಗ ಬಿಟ್ಟರು. ನಾನು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡಿದ್ದೆ. ಕೂತು ಸರದಿ ಕಾಯೋಣವೆಂದು ಅತ್ತೆಯ ಕೈ ಹಿಡಿದು ಎಳೆದೆ. ಅವರು ಕೂರಲಿಲ್ಲ. ಸೊಂಟದ ಎಲೆಯಡಿಕೆ ಚೀಲದಿಂದ ಕರ್ಚೀಫಿನ ಗಂಟು ತೆಗೆದರು. ನನಗೆ ತಿಳಿಯದಂತೆ ಹಲ್ಲನ್ನು ಅದರಲ್ಲಿ ಕಟ್ಟಿಕೊಂಡು ಬಂದಿದ್ದರು.

"ನೋಡ್ರಪ್ಪಾ, ಎಲ್ರೂ ನೋಡಿ," ಎಂದು ಕಡ್ಡಿ ಸಮೇತ ಹಲ್ಲನ್ನು ಎತ್ತಿ ಹಿಡಿದರು. "ನನ್ ಸೊಸೆ ಅಲ್ಲು. ಮೇಷ್ಟ್ರು ಕೆಲಸ ಮಾಡೋಳು ಇವ್ಳು. ಸಬೆಲಿ ಮಾತಾಡ್ತಾ ನಿಂತಿದ್ರೆ ಬಿದ್ದೋಗದೆ. ಇಂಥಾವ್ಳ ತಾವು ಕೂತೀರಲ್ಲ ನೀವು, ನಿಮ್ ಅಲ್ಲೂ ಇಂಗೇ ಆಗೋದು."

ಬೆಂಚಿನವರು ಹಲ್ಲನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಕೆನ್ನೆ ಊದಿದ ತಂದೆ ಗೋಡೆಯ ಕಡೆ ತಿರುಗಿದರು. ಅವರಿಗೆ ನಗು ಬಂದಿತ್ತೋ ಸಂಕಟವಾಗಿತ್ತೋ ತಿಳಿಯಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನುತ್ತಾರಲ್ಲ, ಆ ಮಾತಿನ ಅರ್ಥ ಅವತ್ತು ತಿಳಿಯಿತು. ಸಭೆಯಲ್ಲಿ ಮುಷ್ಟಿಯೊಳಗೆ ಮುಚ್ಚಿಟ್ಟುಕೊಂಡು ತಂದದ್ದನ್ನು ಅತ್ತೆ ಇಡೀ ತಾಳವಾಡಿಗೆ ತೋರಿಸಿಬಿಟ್ಟರು. ಅವರ ಮೇಲೆ ಸಿಟ್ಟು ಬಂತು. ನನ್ನ ಪರವಾಗಿ ಕೂಗುತ್ತಿರುವವರ ಮೇಲೆ ಸಿಟ್ಟು ಬಂತಲ್ಲ ಎಂದು ಇನ್ನಷ್ಟು ನಾಚಿಕೆಯಾಯಿತು.

ಡಾಕ್ಟರಮ್ಮ ಕೈಗವಸಿನಲ್ಲೇ ಹೊರಗೆ ಬಂದಳು. ಅತ್ತೆ ಅವಳಿಗೂ ಅದನ್ನೇ ಹೇಳಿದರು, ಇನ್ನೂ ಒರಟಾಗಿ. "ಅಲ್ಲ್ ಕಟ್ಟಕ್ ಬರ್ದಿದ್ರೆ ಬುಟ್ಬುಡವ್ವ. ಬಡವ್ರ ಬಾಯ್ ಯಾಕ್ ಆಳ್ಮಾಡೀಯೆ?" ಡಾಕ್ಟರಮ್ಮನ ಮುಖ ಕೆಂಪಾಯಿತು. ಕೈ ಚಾಚಿ, "ಕೊಡಿ ಅವ್ವ, ನೋಡ್ತೀನಿ. ಇಬ್ರೂ ಒಳಗೆ ಬನ್ನಿ," ಎಂದಳು.

ಒಳಗೆ ಹಲ್ಲನ್ನು ದೀಪದ ಕೆಳಗಿಟ್ಟು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದಳು. ಸೂಜಿಯಂಥದ್ದರಿಂದ ಕೆರೆದಳು. ನನ್ನನ್ನು ಕುರ್ಚಿಯಲ್ಲಿ ಒರಗಿಸಿ ಬೇರಿನೊಳಗೆ ನೋಡಿದಳು. ಅತ್ತೆ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಟೀಚರ್, ನೀವು ಏನಾದ್ರೂ ಗಟ್ಟಿ ಕಡ್ದಿದ್ರಾ?" ಎಂದು ಅವಳೂ ಕೇಳಿದಳು. ಇಲ್ಲವೆಂದು ತಲೆಯಾಡಿಸಿದೆ.

"ನಾನು ನಂಬ್ತೀನಿ. ಯಾಕಂದ್ರೆ ಕಡ್ಡಿ ಮುರಿದಿಲ್ಲ, ಬೇರೂ ಸೀಳಿಲ್ಲ." ಹಲ್ಲನ್ನು ನನ್ನ ಕಣ್ಣಿನ ಹತ್ತಿರ ತಂದಳು. "ಇಲ್ನೋಡಿ, ಅಂಟೆಲ್ಲ ಕಡ್ಡಿ ಜೊತೇಲೇ ಬಂದದೆ. ಬೇರಿನ ಗೋಡೆಲಿ ಒಂಚೂರೂ ಉಳಿದಿಲ್ಲ. ಅಂದ್ರೆ ಗೋಡೆ ಅಂಟನ್ನ ಇಡ್ಕೊಂಡೇ ಇಲ್ಲ." ಸೂಜಿಯಿಂದ ಮುಟ್ಟಿದಾಗ ಕಡ್ಡಿಯ ತುದಿಯ ಅಂಟು ಒಣಗದ ಗೋಂದಿನ ಹಾಗೆ ಒಳಕ್ಕೆ ಒತ್ತಿತು. "ಇದು ಕಲ್ಲಿನ ಆಗೆ ಗಟ್ಟಿಯಾಗ್ಬೇಕಿತ್ತು. ಆಗಿಲ್ಲ."

"ಯಾಕೆ?" ಎಂದೆ.

ಅವಳು ಸ್ಟೂಲಿನ ಮೇಲೆ ಕೂತಳು. ತಮಿಳಿನಲ್ಲಿ ಶುರುಮಾಡಿ, ಅತ್ತೆಯ ಕಡೆ ನೋಡಿ, ಕನ್ನಡಕ್ಕೆ ತಿರುಗಿದಳು. ಬೇರು ತುಂಬುವಾಗ ಒಳಗೆ ರಬ್ಬರಿನಂಥ ಎಳೆ ಇಟ್ಟು, ಸಂದು ಮುಚ್ಚಲು ಸುತ್ತ ಒಂದು ಪೇಸ್ಟು ಹಾಕುತ್ತಾರೆ, ಅದಕ್ಕೆ ಸೀಲರ್ ಅನ್ನುತ್ತಾರೆ ಎಂದಳು. ನನಗೆ ಹಾಕಿದ್ದರಲ್ಲಿ ಲವಂಗದ ಎಣ್ಣೆಯ ಸತ್ವ ಇತ್ತು. ಬೇರು ಮುಚ್ಚಲು ಅದು ಒಳ್ಳೆಯದೇ, ಹಿಂದಿನಿಂದ ಎಲ್ಲರೂ ಹಾಕುವುದೇ. ಆದರೆ ಫೈಬರ್ ಕಡ್ಡಿಯನ್ನು ಹಿಡಿಸುವ ಅಂಟು ಬೇರೆ ಜಾತಿಯದು. ಆ ಎಣ್ಣೆ ಬೇರಿನ ಗೋಡೆಯಲ್ಲಿ ಉಳಿದಿದ್ದರೆ ಈ ಅಂಟು ಪೂರ್ತಿ ಗಟ್ಟಿಯಾಗದೆ ಹೋಗಬಹುದು, ಗೋಡೆಯನ್ನು ಕಚ್ಚಿಕೊಳ್ಳದೆಯೂ ಹೋಗಬಹುದು.

"ಎಣ್ಣೆ ಅಚ್ಚಿದ ಅಣೆಗೆ ಬೊಟ್ಟು ನಿಲ್ಲುತ್ತಾ ಅವ್ವ? ಸ್ಟಿಕ್ಕರ್ ಬೊಟ್ಟು?" ಎಂದು ಅತ್ತೆಯನ್ನು ಕೇಳಿದಳು.

ಸೊಂಟದ ಮೇಲಿದ್ದ ಅತ್ತೆಯ ಕೈ ಕೆಳಗಿಳಿಯಿತು.

"ಇದೇ ಕಾರಣ ಅಂತ ಆಣೆ ಮಾಡಿ ಏಳಕ್ಕಾಗಲ್ಲ. ಒಳಗೆ ನೀರಿನ ಪಸೆ ಇದ್ದಿರಬೋದು, ಅಂಟು ಗಟ್ಟಿ ಮಾಡೋ ದೀಪದ ಬೆಳಕು ತಳ ಮುಟ್ಟದೆ ಇದ್ದಿರಬೋದು. ಆದ್ರೆ ನನಗೆ ಅನ್ಸೋದು ಇದೇ. ಅವತ್ತೇ ಸೀಲರ್ ಆಕಿ, ಅವತ್ತೇ ಕಡ್ಡಿ ಇಟ್ಟೆ. ಪೇಸ್ಟ್ ಆರಕ್ಕೆ ಬುಡಬೇಕಿತ್ತು. ಗೋಡೆನ ಚೆನ್ನಾಗಿ ಕೆರೆದು, ಸ್ಪಿರಿಟ್ಟಲ್ಲಿ ತೊಳೀಬೇಕಿತ್ತು. ಇಲ್ಲ, ಆ ಎಣ್ಣೆ ಇಲ್ಲದ ಬೇರೆ ಸೀಲರ್ ಆಕಬೇಕಿತ್ತು. ಕಾಲೇಜಲ್ಲಿ ಇದನ್ನೆಲ್ಲ ಓದಿದ್ದೆ."

"ಅವಸರ ಮಾಡಿದ್ದು ನಾನು," ಎಂದೆ.

"ನೀವು ಕೇಳಿದ್ರಿ. ಆಗಲ್ಲ ಅನ್ನಬೇಕಾಗಿದ್ದೋಳು ನಾನು."

ಇಷ್ಟನ್ನು ಅವಳು ಬಾಗಿಲು ತೆರೆದೇ ಹೇಳಿದಳು. ಹೊರಗಿನ ಬೆಂಚಿಗೆ ಎಲ್ಲ ಕೇಳುತ್ತಿತ್ತು. ತಪ್ಪು ಒಪ್ಪಿಕೊಂಡವಳ ಜೊತೆ ಜಗಳ ಮುಂದುವರಿಸುವುದು ಹೇಗೆಂದು ಅತ್ತೆಗೆ ತಿಳಿಯಲಿಲ್ಲ. "ಅಂಗಾರೆ ಇನ್ನೊಂದ್ಸಲ ನೇರವಾಗಿ ಮಾಡವ್ವ," ಎಂದು ತಗ್ಗಿದ ದನಿಯಲ್ಲಿ ಹೇಳಿ ಹೊರಗೆ ಹೋದರು. ಬೆಂಚಿನಲ್ಲಿ ಕೂರದೆ ರಸ್ತೆಗಿಳಿದು, ಅಂಗಡಿಯ ನೆರಳಲ್ಲಿ ನನಗಾಗಿ ಕಾದರು. ಬಸ್ಸು ಊರಿನ ಹತ್ತಿರ ಬಂದಾಗ ಅವರು, "ನಾನು ಅಂಗೆ ಎತ್ತಿ ತೋರಿಸ್ಬಾರ್ದಿತ್ತು ಕಣವ್ವ," ಎಂದರು. ಪರವಾಗಿಲ್ಲ ಅನ್ನಲು ನನ್ನಿಂದ ಆಗಲಿಲ್ಲ. ಕಿಟಕಿಯ ಆಚೆ ನೋಡಿದೆ.

ಈ ಸಲ ಡಾಕ್ಟರಮ್ಮ ಅವಸರ ಮಾಡಲಿಲ್ಲ. ಬೇರಿನ ಗೋಡೆಯನ್ನು ಕೆರೆದಳು, ತೊಳೆದಳು, ಒಣಗಿಸಿದಳು, ಮೇಲೆ ತಾತ್ಕಾಲಿಕವಾಗಿ ಮುಚ್ಚಿ ಕೆಲವು ದಿನ ಬಿಟ್ಟು ಬನ್ನಿ ಎಂದಳು. ಅಲ್ಲಿಯವರೆಗೆ ಹಾಕಿ ತೆಗೆಯುವ ಹಲ್ಲು ಮಾಡಿಕೊಡಲೇ ಎಂದಳು. ಇನ್ನೊಂದು ಹಲ್ಲು ಇನ್ನೊಂದು ಕಡೆ ಬೀಳುವುದನ್ನು ಕಲ್ಪಿಸಿಕೊಂಡು ಬೇಡವೆಂದೆ. ಅಷ್ಟು ದಿನವೂ ಮಾಸ್ಕ್ ಕಟ್ಟಿಕೊಂಡೇ ಶಾಲೆಗೆ ಹೋದೆ. ಮಕ್ಕಳು ಜ್ವರವಾ ಮಿಸ್ ಎಂದು ಕೇಳಿದವು. ಹೂಂ ಎಂದೆ.

ಮಾಸ್ಕ್ ಮುಖ ಮುಚ್ಚುತ್ತದೆ, ದನಿಯನ್ನಲ್ಲ. ಒಂದನೇ ತರಗತಿಗೆ ಆಗ ತ ಥ ದ ಧ ನ ಹೇಳಿಕೊಡುತ್ತಿದ್ದೆ. ನಾಲಿಗೆ ಹಲ್ಲಿಗೆ ತಾಗಿ ಹುಟ್ಟುವ ಅಕ್ಷರಗಳು. ನಾನು 'ತ' ಎಂದರೆ ಕಿಂಡಿಯಿಂದ ಗಾಳಿ ನುಗ್ಗಿ ಅದು ಥ-ಹ ಎಂದೇನೋ ಆಗುತ್ತಿತ್ತು. ಮಕ್ಕಳು ಹೇಳಿಕೊಟ್ಟ ಹಾಗೆ ಹೇಳುವವು. ಇಡೀ ತರಗತಿ ರಾಗವಾಗಿ, ಗಾಳಿ ಸಮೇತ, 'ಥಹ' ಎಂದು ಕೂಗಿತು. ತಿದ್ದಲು ಮತ್ತೆ ಹೇಳಿದೆ. ಅವೂ ಮತ್ತೆ ಹಾಗೆಯೇ ಹೇಳಿದವು, ಇನ್ನೂ ಶ್ರದ್ಧೆಯಿಂದ. ವರಾಂಡದಲ್ಲಿ ಹೋಗುತ್ತಿದ್ದ ಹೆಡ್‌ಮಾಸ್ಟರು ನಿಂತು, ಏನಿದು ಎಂಬಂತೆ ಒಳಗೆ ಇಣುಕಿದರು.

ಸಭೆಯಲ್ಲಿ ಆದದ್ದು, ಕ್ಲಿನಿಕ್ಕಿನಲ್ಲಿ ಆದದ್ದು ನನ್ನೊಬ್ಬಳ ಮಾನದ ವಿಷಯವಾಗಿತ್ತು. ಇಲ್ಲಿ ನನ್ನ ಮಕ್ಕಳು ನನ್ನ ಕಿಂಡಿಯನ್ನೇ ಅಕ್ಷರವೆಂದು ಕಲಿಯುತ್ತಿದ್ದವು. ಹೆಡ್‌ಮಾಸ್ಟರು ಅಲ್ಲಿ ನಿಂತಿರುವಾಗಲೇ ಮಾಸ್ಕ್ ಬಿಚ್ಚಿದೆ. "ನನ್ನ ಹಲ್ಲು ಬಿದ್ದಿದೆ. ನಾನು ಹೇಳಿದ್ದು ಸರಿಯಿಲ್ಲ," ಎಂದೆ. ಮಕ್ಕಳು ನನ್ನ ಬಾಯಿಯನ್ನೇ ನೋಡಿದವು. ಯಾರೂ ನಗಲಿಲ್ಲ. ಮುಂದೆ ಕೂತಿದ್ದ ಹುಡುಗಿಯೊಬ್ಬಳು ತನ್ನ ಬಾಯಿ ತೆರೆದು ಬೆರಳಿಟ್ಟು, "ನಂದೂವೆ ಮಿಸ್," ಎಂದಳು. ಹಲ್ಲಿರುವ ಎರಡನೇ ತರಗತಿಯ ಹುಡುಗಿಯನ್ನು ಕರೆಸಿ ಆ ಅಕ್ಷರಗಳನ್ನು ಹೇಳಿಸಿದೆ. ನಾನು ಬೋರ್ಡಿನ ಕಡೆ ತಿರುಗಿ ಬರೆಯುತ್ತ ನಿಂತೆ. ಕೆನ್ನೆ ಬಿಸಿಯಾಗಿತ್ತು. ಹೆಡ್‌ಮಾಸ್ಟರು ಆ ಬಗ್ಗೆ ಏನೂ ಕೇಳಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತು.

ಹೊಸ ಕಡ್ಡಿ ಕೂತಿತು. ಅಂಟು ಗಟ್ಟಿಯಾಯಿತೇ ಎಂದು ಡಾಕ್ಟರಮ್ಮ ಎಷ್ಟೋ ಸಲ ಅಲ್ಲಾಡಿಸಿ ನೋಡಿದಳು. ಆಮೇಲೆ ಕೆಳಗಿನ ಸೀಮೆಯಿಂದ ಕ್ಯಾಪ್ ಬಂತು. ಬಣ್ಣವೂ ಪಕ್ಕದ ಹಲ್ಲಿಗೆ ಹೊಂದಿತು. ಎರಡನೇ ಸಲದ್ದಕ್ಕೆ ಅವಳು ಏನನ್ನೂ ತೆಗೆದುಕೊಳ್ಳಲಿಲ್ಲ. ಅತ್ತೆ ನನ್ನ ಕೈಯಲ್ಲಿ ಒಂದು ಚೀಲ ಅವರೆಕಾಯಿ ಕಳಿಸಿದರು, ತಾವು ಬರಲಿಲ್ಲ. ಕಡ್ಡಿ ಇಡಬೇಕಾದ ಹಲ್ಲಿಗೆ ಈಗ ಲವಂಗದ ಸೀಲರ್ ಹಾಕುವುದನ್ನೇ ಬಿಟ್ಟಿದ್ದೇನೆ ಎಂದು ಡಾಕ್ಟರಮ್ಮ ಹೇಳಿದಳು.

ಹಲ್ಲು ನಿಂತ ಮೇಲೂ ತಮಿಳು ಶಾಲೆಯ ಆ ಟೀಚರನ್ನು ಕಂಡರೆ ನಾನು ದೂರದಿಂದಲೇ ಪಕ್ಕಕ್ಕೆ ಸರಿಯುತ್ತಿದ್ದೆ. ಒಂದು ಸಂಜೆ ತಾಳವಾಡಿಯ ಬಸ್ಸಿನಲ್ಲಿ ಅವಳೇ ಬಂದು ಪಕ್ಕದಲ್ಲಿ ಕೂತಳು. ಮೆತ್ತಗೆ ನನ್ನ ಕೈ ಮುಟ್ಟಿ, ಮುಂದಿನ ಸಲ ಮಾತಾಡುವುದಿದ್ದರೆ ನನಗೆ ಹೇಳಿ, ಸುಲಭದ ತಮಿಳಿನಲ್ಲಿ ನಾನೇ ಬರೆದುಕೊಡುತ್ತೇನೆ, ಇಬ್ಬರೂ ಕೂತು ಓದಿಕೊಳ್ಳೋಣ ಎಂದಳು. ಎಷ್ಟೋ ದಿನದಿಂದ ಅದನ್ನು ಹೇಗೆ ಹೇಳುವುದೆಂದು ಅವಳು ಯೋಚಿಸಿದ್ದಳೆಂದು ಕಾಣುತ್ತಿತ್ತು.

ಸರಿ ಎಂದು ಸುಮ್ಮನಾಗಬಹುದಿತ್ತು. ಆಗಲಿಲ್ಲ. ಅವತ್ತು ನಡೆದದ್ದನ್ನೆಲ್ಲ ಹೇಳಿದೆ. ಬಸ್ಸಿನ ಸರಳು, ಕಡ್ಡಿ, ಲವಂಗದ ಎಣ್ಣೆ, 'ವಾಸಿಪ್ಪು', ಮುಷ್ಟಿಯಲ್ಲಿ ಮುದುರಿದ ಕಾಗದ. ಎಲ್ಲವನ್ನೂ ತಮಿಳಿನಲ್ಲೇ ಹೇಳಿದೆ, ಎಲ್ಲೂ ತಡವರಿಸದೆ. ಹೇಳುತ್ತ ಹೇಳುತ್ತ ಒಳಗೊಳಗೆ ಗೆದ್ದ ಹಾಗೆ ಅನ್ನಿಸಿತು. ನನ್ನ ತಮಿಳನ್ನು ಅವಳು ಕೇಳಲಿ ಎಂದೇ ಉದ್ದ ಮಾಡಿದೆನೇನೋ.

ಅವಳು ಮೊದಲು ನಕ್ಕಳು. ಆಮೇಲೆ ನಗು ನಿಂತಿತು. "ಅವತ್ತು ನಾನು ಹಿಂದೆ ಕೂತು ಹೇಳಿದ್ದು ನಿಮಗೆ ಕೇಳಿಸಿತ್ತಾ?" ಎಂದು ಕೇಳಿದಳು.

ಇಲ್ಲ ಎನ್ನಬಹುದಿತ್ತು. ನಾನು ಉತ್ತರ ಹುಡುಕುವಷ್ಟರಲ್ಲಿ ಅವಳಿಗೆ ಗೊತ್ತಾಗಿಹೋಗಿತ್ತು. ಅವಳ ಮುಖ ಕಿವಿಯವರೆಗೆ ಕೆಂಪಾಯಿತು. ಮಡಿಲಲ್ಲಿದ್ದ ಬ್ಯಾಗಿನ ಜಿಪ್ಪನ್ನು ತೆಗೆಯುತ್ತ, ಮುಚ್ಚುತ್ತ ಕೂತಳು. ನನ್ನ ಮೇಲಿನ ಭಾರ ಇಳಿಯುತ್ತದೆಂದು ಹೇಳಿದ್ದೆ. ಅದನ್ನು ತೆಗೆದು ಅವಳ ತಲೆಯ ಮೇಲಿಟ್ಟಂತಾಯಿತು. ಹಾಗಂತ ನನ್ನದೂ ಹಗುರಾಗಲಿಲ್ಲ.

"ನೀವು ಬರೆದುಕೊಡಿ. ನನ್ನ ತಮಿಳು ಅಂಗಡಿ ತಮಿಳು," ಎಂದೆ. ಅದು ಸುಳ್ಳಾಗಿರಲಿಲ್ಲ. ಅವಳು ಹೂಂ ಎಂದಳು. ಅವಳ ನಿಲ್ದಾಣ ಬಂತು. ಇಳಿಯುವ ಮುಂಚೆ ಕೈಯಲ್ಲಿದ್ದ ಹುರಿಗಡಲೆ ಪೊಟ್ಟಣವನ್ನು ನನ್ನ ಕಡೆ ನೀಡಿದಳು. ನಾನು ನಾಲ್ಕು ಕಾಳು ತೆಗೆದುಕೊಂಡು, ದವಡೆಯ ಹಲ್ಲಲ್ಲಿ ನಿಧಾನವಾಗಿ ಅಗಿದೆ.